ಸ್ಕ್ಯಾನಿಂಗ್ ಕಲಿಯಲು ಬಂದವರಿಗೆ: ಪರದೆಯ ಕಪ್ಪು-ಬಿಳುಪು ಓದುವ ಬಗೆ

ಕಾರವಾರದ ಬೈತಖೋಲ ಬಂದರಿನಲ್ಲಿ ನಿಂತ ದೊಡ್ಡ ಬೋಟುಗಳಲ್ಲಿ ತಾಂಡೇಲನ, ಅಂದರೆ ಬೋಟು ನಡೆಸುವವನ, ಎದುರಿಗೆ ಒಂದು ಪುಟ್ಟ ಪರದೆ ಇರುತ್ತದೆ. ಅದು ಫಿಶ್ ಫೈಂಡರ್. ಬೋಟಿನ ಅಡಿಯಿಂದ ಶಬ್ದ ನೀರೊಳಗೆ ಇಳಿಯುತ್ತದೆ, ಸಮುದ್ರದ ತಳಕ್ಕೆ ಬಡಿದು ವಾಪಸ್ ಬರುತ್ತದೆ. ನಡುವೆ ಮೀನಿನ ಗುಂಪು ಸಿಕ್ಕರೆ ಅದಕ್ಕೂ ಬಡಿದು ಬರುತ್ತದೆ. ಪರದೆ ಮೇಲೆ ಮೀನಿನ ಫೋಟೋ ಏನೂ ಬರುವುದಿಲ್ಲ, ಬಣ್ಣದ ಒಂದು ಮಚ್ಚೆ ಬರುತ್ತದೆ. ಅದು ಬಂಗಡೆಯೋ ಬೇರೇನೋ ಎಂದು ಹೇಳುವುದು ತಾಂಡೇಲನ ಕಣ್ಣು.

ನನ್ನ ಹತ್ತಿರ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಕಲಿಯಲು ಬಂದಿದ್ದ ಒಬ್ಬ ಹುಡುಗನ ಮನೆಯವರದ್ದು ಮೀನುಗಾರಿಕೆ. ಮೊದಲ ದಿನ ಮೆಷಿನ್ ಮುಂದೆ ನಿಂತವನೇ, "ಮೇಡಂ, ಇದು ನಮ್ಮ ಅಪ್ಪನ ಬೋಟಲ್ಲಿರೋದೇ ಅಲ್ವಾ?" ಅಂದ. ಉಳಿದವರು ನಕ್ಕರು. ಆದರೆ ಎರಡು ತಿಂಗಳು ವ್ಯಾಖ್ಯೆ ಬಾಯಿಪಾಠ ಮಾಡಿದವರಿಗೂ ಹೊಳೆಯದ ಸಂಗತಿ ಅವನಿಗೆ ಒಂದೇ ನೋಟಕ್ಕೆ ಸಿಕ್ಕಿತ್ತು.

ನೀವು ಪರದೆ ಮೇಲೆ ನೋಡುವುದು ಲಿವರಿನ ಫೋಟೋ ಎಂದುಕೊಳ್ಳಬೇಡಿ. ಲಿವರಿನಿಂದ ಬಂದ ಮಾರುದನಿಗಳನ್ನು ಮೆಷಿನ್ ಲೆಕ್ಕ ಹಾಕಿ ಬಿಡಿಸಿದ ನಕಾಶೆ ಅದು. ಈ ಲೆಕ್ಕಕ್ಕೆ ಮೆಷಿನ್ ನಾಲ್ಕೈದು ವಿಷಯಗಳನ್ನು ಸುಮ್ನೆ ನಂಬಿಕೊಂಡಿರುತ್ತದೆ. ನಂಬಿಕೆ ನಿಜವಾದ ಕಡೆ ನಕಾಶೆ ಸರಿ ಇರುತ್ತದೆ, ಸುಳ್ಳಾದ ಕಡೆ ಇಲ್ಲದ್ದು ಕಾಣುತ್ತದೆ, ಇದ್ದದ್ದು ಮಾಯವಾಗುತ್ತದೆ. ನೀವು ಕಲಿಯುವ ಪದಗಳಲ್ಲಿ ಅರ್ಧಕ್ಕರ್ಧ ಈ ನಂಬಿಕೆಗಳ ಹೆಸರು. ಇನ್ನರ್ಧ, ಆ ನಂಬಿಕೆ ಮುರಿದಾಗ ಕಾಣುವುದರ ಹೆಸರು. ಈ ದಾರಿಯಲ್ಲೇ ಹೋಗೋಣ.

ಹೆಜ್ಜೆ 1: ಮೊದಲು ಲೆಕ್ಕ

ನಮ್ಮ ಕಿವಿಗೆ ಕೇಳುವುದು ಸೆಕೆಂಡಿಗೆ 20ರಿಂದ 20,000 ಕಂಪನಗಳವರೆಗಿನ ಶಬ್ದ. ಸೆಕೆಂಡಿಗೆ ಎಷ್ಟು ಕಂಪನ ಎಂಬುದೇ ಫ್ರೀಕ್ವೆನ್ಸಿ, ಅದರ ಅಳತೆ ಹರ್ಟ್ಜ್. 20,000 ದಾಟಿದ್ದೆಲ್ಲ ಅಲ್ಟ್ರಾಸೌಂಡ್. ಹುಳ ಹಿಡಿಯುವ ಬಾವಲಿ ಕೂಗುವುದೂ ಹೆಚ್ಚಾಗಿ ಅಲ್ಲೇ. ಬೋಟಿನ ಫಿಶ್ ಫೈಂಡರ್ ಸಾಮಾನ್ಯವಾಗಿ 50 ಅಥವಾ 200 ಕಿಲೋಹರ್ಟ್ಜ್‌ನಲ್ಲಿ ಕೆಲಸ ಮಾಡುತ್ತದೆ. ನಾವು ರೋಗಿಯ ಮೇಲೆ ಬಳಸುವುದು ಸುಮಾರು 2ರಿಂದ 15 ಮೆಗಾಹರ್ಟ್ಜ್, ಅಂದರೆ ಸೆಕೆಂಡಿಗೆ 20 ಲಕ್ಷದಿಂದ ಒಂದೂವರೆ ಕೋಟಿ ಕಂಪನ.

ಒಂದು ಅಲೆಯ ಉದ್ದಕ್ಕೆ ವೇವ್‌ಲೆಂತ್ ಎನ್ನುತ್ತಾರೆ. ವೇಗವನ್ನು ಫ್ರೀಕ್ವೆನ್ಸಿಯಿಂದ ಭಾಗಿಸಿದರೆ ಸಿಗುತ್ತದೆ. 3.5 ಮೆಗಾಹರ್ಟ್ಜ್‌ಗೆ ಅದು 0.44 ಮಿ.ಮೀ., 10 ಮೆಗಾಹರ್ಟ್ಜ್‌ಗೆ ಸುಮಾರು 0.15 ಮಿ.ಮೀ. ಅಲೆ ಸಣ್ಣದಾದಷ್ಟೂ ಸಣ್ಣ ಸಂಗತಿ ಬಿಡಿಬಿಡಿಯಾಗಿ ಕಾಣುತ್ತದೆ. ಹಾಗಾದರೆ ಎಲ್ಲಕ್ಕೂ 10 ಮೆಗಾಹರ್ಟ್ಜ್ ಬಳಸಬಾರದೇ? ಆಗುವುದಿಲ್ಲ, ಕಾರಣ ಮುಂದಿನ ಹೆಜ್ಜೆಯಲ್ಲಿದೆ.

ಈಗ ಆಳದ ಲೆಕ್ಕ. ಮಳೆಗಾಲದಲ್ಲಿ ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಒಂದು, ಎರಡು, ಮೂರು ಅಂತ ಎಣಿಸಿ ಸಿಡಿಲು ಎಷ್ಟು ದೂರ ಬಿತ್ತು ಎಂದು ನೋಡಿದ್ದೀರಲ್ಲ, ಮೆಷಿನ್ ಮಾಡುವುದೂ ಅದನ್ನೇ. ಅದರ ಬಳಿ ಟೇಪು ಇಲ್ಲ, ಗಡಿಯಾರ ಒಂದೇ. ದೇಹದ ಮೆದು ಭಾಗದಲ್ಲಿ ಶಬ್ದ ಸೆಕೆಂಡಿಗೆ 1540 ಮೀಟರ್ ಓಡುತ್ತದೆ ಎಂದು ಅದು ನಂಬಿದೆ. ಆ ಲೆಕ್ಕದಲ್ಲಿ 1 ಸೆಂ.ಮೀ. ಆಳಕ್ಕೆ ಹೋಗಿ ವಾಪಸ್ ಬರಲು 13 ಮೈಕ್ರೋಸೆಕೆಂಡ್ ಬೇಕು. 26 ಮೈಕ್ರೋಸೆಕೆಂಡಿಗೆ ಬಂದ ಮಾರುದನಿಯನ್ನು ಅದು ಕಣ್ಣುಮುಚ್ಚಿ 2 ಸೆಂ.ಮೀ. ಆಳದಲ್ಲಿ ಚುಕ್ಕೆಯಾಗಿ ಇಡುತ್ತದೆ.

ಇದನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡಿ. ಆಳ 15 ಸೆಂ.ಮೀ. ಇಟ್ಟರೆ ಒಂದು ಗೆರೆಗೆ 195 ಮೈಕ್ರೋಸೆಕೆಂಡ್. ಒಂದು ಚಿತ್ರಕ್ಕೆ 128 ಗೆರೆ ಎಂದಿಟ್ಟುಕೊಳ್ಳಿ. ಹತ್ತಿರ ಹತ್ತಿರ 25 ಮಿಲಿಸೆಕೆಂಡ್ ಆಯಿತು. ಸೆಕೆಂಡಿಗೆ 40 ಚಿತ್ರ. ಇದೇ ಫ್ರೇಮ್ ರೇಟ್. ಸುಮ್ಮನೆ ಆಳ ಜಾಸ್ತಿ ಇಟ್ಟರೆ ಚಿತ್ರ ಯಾಕೆ ಎಳೆದೆಳೆದು ಬರುತ್ತದೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ಇನ್ನೊಂದು ವಿಷಯ: ಮೆಷಿನ್ ಶಬ್ದ ಕಳಿಸುವುದು ಶೇಕಡಾ ಒಂದಕ್ಕಿಂತ ಕಡಿಮೆ ಹೊತ್ತು. ಉಳಿದ ಹೊತ್ತೆಲ್ಲ ಕಿವಿಗೊಟ್ಟು ಕೂತಿರುತ್ತದೆ.

ಹೆಜ್ಜೆ 2: ಗಡಿಯಲ್ಲಿ ಏನಾಗುತ್ತದೆ

ಶಿರಸಿ, ಸಿದ್ದಾಪುರದ ಕಡೆಯವರಾದರೆ ತೋಟದ ಈ ದಂಡೆಯಿಂದ ಆ ದಂಡೆಗೆ ಕೂ ಹಾಕಿ ಗೊತ್ತಿರುತ್ತದೆ. ಎದುರಿಗೆ ಬೋಳು ಬಂಡೆ ಇದ್ದರೆ ಕೂಗು ಹಾಗೇ ವಾಪಸ್. ದಟ್ಟ ಕಾಡಿದ್ದರೆ ಚೂರುಚೂರಾಗಿ ಚದುರಿ ಅಡಗಿ ಹೋಗುತ್ತದೆ. ದೇಹದೊಳಗೂ ಈ ಎರಡೂ ಉಂಟು. ನಯವಾದ ದೊಡ್ಡ ಮೇಲ್ಮೈಗೆ ಬಡಿದು ಬರುವುದು ರಿಫ್ಲೆಕ್ಷನ್. ವಪೆ, ಅಂದರೆ ಡಯಾಫ್ರಮ್, ಬಿಳಿ ಗೆರೆಯಾಗಿ ಹೊಳೆಯುವುದು ಇದರಿಂದ. ಸಣ್ಣ ಸಣ್ಣ ಕಣಗಳಿಗೆ ತಾಗಿ ಎಲ್ಲ ದಿಕ್ಕಿಗೂ ಚದುರುವುದು ಸ್ಕ್ಯಾಟರ್. ಲಿವರಿನ ಆ ನುಣ್ಣನೆಯ ಬೂದು ಹರಳು ಹರಳು ಮೈ ಇದರಿಂದ.

ಬಂಡೆಗೆ ನೇರವಾಗಿ ನಿಂತು ಕೂಗಿದರೆ ಮಾರುದನಿ ನಿಮಗೇ ಬರುತ್ತದೆ, ಓರೆಯಾಗಿ ಕೂಗಿದರೆ ಪಕ್ಕದ ಮನೆಗೆ ಹೋಗುತ್ತದೆ. ಆದ್ದರಿಂದ ಪ್ರೋಬನ್ನು, ಅಂದರೆ ಮೈಮೇಲೆ ಇಟ್ಟು ಶಬ್ದ ಕಳಿಸುವ ಆ ಹಿಡಿಯನ್ನು, ನೋಡಬೇಕಾದ ಮೇಲ್ಮೈಗೆ ಆದಷ್ಟು ನೆಟ್ಟಗೆ ಹಿಡಿಯಿರಿ. ಪಿತ್ತಕೋಶದ ಗೋಡೆ ಒಂದು ಕಡೆ ಚೆನ್ನಾಗಿ, ಇನ್ನೊಂದು ಕಡೆ ಮಸುಕಾಗಿ ಕಂಡರೆ ಗೋಡೆಗೆ ರೋಗ ಬಂದಿದೆ ಎನ್ನುವ ಮೊದಲು ಕೈಯನ್ನು ಸ್ವಲ್ಪ ಓರೆ ಮಾಡಿ ನೋಡಿ.

ಎಷ್ಟು ವಾಪಸ್ ಬರುತ್ತದೆ ಎನ್ನುವುದನ್ನು ತೀರ್ಮಾನಿಸುವುದು ಅಕೌಸ್ಟಿಕ್ ಇಂಪೀಡೆನ್ಸ್. ವಸ್ತುವಿನ ಸಾಂದ್ರತೆಯನ್ನು ಅದರೊಳಗಿನ ಶಬ್ದದ ವೇಗದಿಂದ ಗುಣಿಸಿದರೆ ಸಿಗುವ ಸಂಖ್ಯೆ. ಅಕ್ಕಪಕ್ಕದ ಎರಡು ವಸ್ತುಗಳ ಸಂಖ್ಯೆಗಳಲ್ಲಿ ವ್ಯತ್ಯಾಸ ಕಡಿಮೆ ಇದ್ದರೆ ಶಬ್ದ ದಾಟಿ ಹೋಗುತ್ತದೆ, ಜಾಸ್ತಿ ಇದ್ದರೆ ಬಡಿದು ವಾಪಸ್ ಬರುತ್ತದೆ. ಮೆದು ಮಾಂಸದ ಸಂಖ್ಯೆ ಸುಮಾರು 1.6 ಮೆಗಾರೇಲ್ (ಇಂಪೀಡೆನ್ಸಿನ ಅಳತೆ), ಗಾಳಿಯದ್ದು 0.0004. ಇಷ್ಟು ಅಂತರ ಇದ್ದರೆ ಗಡಿಯಲ್ಲೇ ಶೇಕಡಾ 99.9 ಭಾಗ ಹಿಂದಕ್ಕೆ. ಚರ್ಮಕ್ಕೂ ಪ್ರೋಬ್‌ಗೂ ನಡುವೆ ಕೂದಲೆಳೆಯಷ್ಟು ಗಾಳಿ ಇದ್ದರೂ ಪರದೆ ಕಪ್ಪು. ಜೆಲ್ ಹಚ್ಚುವುದು ಇದಕ್ಕೇ. "ಅದು ಔಷಧನಾ?" ಅಂತ ದಿನಕ್ಕೆ ಹತ್ತು ಜನ ಕೇಳುತ್ತಾರೆ. "ಅಲ್ಲಮ್ಮಾ, ಗಾಳಿ ಹೋಗಲಿ ಅಂತ" ಎಂದರೆ ಸಾಕು, ಅರ್ಥವಾಗುತ್ತದೆ.

ಒಳಗೆ ಹೋಗುತ್ತಾ ಶಬ್ದ ಬಡವಾಗುತ್ತದೆ. ಅದಕ್ಕೆ ಅಟೆನ್ಯುಯೇಶನ್ ಎನ್ನುತ್ತಾರೆ. ಅಂದಾಜಿಗೆ, ಪ್ರತಿ ಸೆಂ.ಮೀ.ಗೆ, ಪ್ರತಿ ಮೆಗಾಹರ್ಟ್ಜ್‌ಗೆ 0.5 ಡೆಸಿಬಲ್. 3 ಮೆಗಾಹರ್ಟ್ಜ್ ಪ್ರೋಬಿನಲ್ಲಿ 10 ಸೆಂ.ಮೀ. ಆಳಕ್ಕೆ ಹೋಗಿ ಬಂದರೆ 30 ಡೆಸಿಬಲ್ ನಷ್ಟ, ಅಂದರೆ ಸಾವಿರದಲ್ಲಿ ಒಂದು ಪಾಲು ಉಳಿಯಿತು. 5 ಮೆಗಾಹರ್ಟ್ಜ್ ಆದರೆ 50 ಡೆಸಿಬಲ್, ಲಕ್ಷದಲ್ಲಿ ಒಂದು ಪಾಲು. ಮೇಲಿನ ಪ್ರಶ್ನೆಗೆ ಉತ್ತರ ಇಲ್ಲಿದೆ. ಥೈರಾಯ್ಡ್ ಚರ್ಮದ ಕೆಳಗೇ ಇದೆ, ಅದಕ್ಕೆ 10ರ ಮೇಲಿನ ಫ್ರೀಕ್ವೆನ್ಸಿ. ದಪ್ಪ ಹೊಟ್ಟೆಯ ಯಜಮಾನರ ಕಿಡ್ನಿಗೆ 3ರ ಆಸುಪಾಸು.

ಹೆಜ್ಜೆ 3: ಪ್ರೋಬ್ ಹಿಡಿಯುವುದು

ಪುಸ್ತಕದಲ್ಲಿ ಇದಕ್ಕೆ ಟ್ರಾನ್ಸ್‌ಡ್ಯೂಸರ್ ಎಂದು ಹೆಸರು. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಎಂದು 1880ರಲ್ಲಿ ಪಿಯರ್ ಮತ್ತು ಜಾಕ್ ಕ್ಯೂರಿ ಸಹೋದರರು ತೋರಿಸಿದರು. ತಿರುಗಿ ವಿದ್ಯುತ್ ಕೊಟ್ಟರೆ ಹರಳು ನಡುಗುತ್ತದೆ, ಶಬ್ದ ಹುಟ್ಟುತ್ತದೆ. ಇದು ಪೀಜೋ ಇಲೆಕ್ಟ್ರಿಕ್ ಗುಣ. ಪ್ರೋಬಿನ ಬಾಯಿಯೂ ಅದೇ ಹರಳು, ಕಿವಿಯೂ ಅದೇ. ಮೊದಲ ಮಹಾಯುದ್ಧದ ಕಾಲದಲ್ಲಿ ಪಾಲ್ ಲಾಂಜೆವಿನ್ ಇದರಿಂದಲೇ ಜಲಾಂತರ್ಗಾಮಿ ಹುಡುಕಲು ಹೊರಟರು. ಗ್ಲಾಸ್ಗೋದಲ್ಲಿ ಇಯಾನ್ ಡೊನಾಲ್ಡ್ ಲೋಹದಲ್ಲಿ ಬಿರುಕು ಹುಡುಕುವ ಯಂತ್ರವನ್ನು ಹೊಟ್ಟೆಯ ಮೇಲೆ ಪ್ರಯೋಗಿಸಿ 1958ರಲ್ಲಿ ಲೇಖನ ಬರೆದರು. ನೌಕಾನೆಲೆಯೂ ಬಂದರೂ ಇರುವ ಕಾರವಾರದಲ್ಲಿ ಕೂತು ಇದನ್ನು ಓದಿದರೆ ಎಲ್ಲಾ ನಮ್ಮ ಊರಿನ ಸಾಮಾನೇ ಅನ್ನಿಸುತ್ತದೆ.

ಪ್ರೋಬ್‌ಗಳು ಮುಖ್ಯವಾಗಿ ಮೂರು. ಹೊಟ್ಟೆಗೆ ಬಾಗಿದ ಮುಖದ ಕಾನ್ವೆಕ್ಸ್, 2ರಿಂದ 5 ಮೆಗಾಹರ್ಟ್ಜ್. ಕುತ್ತಿಗೆ, ಸ್ತನ, ಕೈಕಾಲಿನ ರಕ್ತನಾಳಕ್ಕೆ ಚಪ್ಪಟೆ ಮುಖದ ಲೀನಿಯರ್, ಸುಮಾರು 7ರಿಂದ 15. ಪಕ್ಕೆಲುಬುಗಳ ಸಂದಿಯಿಂದ ಹೃದಯ ನೋಡಲು ಸಣ್ಣ ಮುಖದ ಫೇಸ್ಡ್ ಅರೇ. ಒಳಗಿಟ್ಟು ನೋಡುವ ಪ್ರೋಬ್ ಬೇರೆ ಇದೆ, ಮೊದಲ ವರ್ಷ ಅದು ನಿಮ್ಮ ಕೈಗೆ ಬರುವುದಿಲ್ಲ.

ಪ್ರೋಬಿನ ಒಂದು ಬದಿಯಲ್ಲಿ ಸಣ್ಣ ಉಬ್ಬು ಇರುತ್ತದೆ. ಅದೇ ಮಾರ್ಕರ್. ಹೊಟ್ಟೆ ಸ್ಕ್ಯಾನಿನಲ್ಲಿ ಅದು ಪರದೆಯ ಎಡಕ್ಕೆ ಹೊಂದುತ್ತದೆ. ಉದ್ದಕ್ಕೆ ಹಿಡಿದಾಗ ಮಾರ್ಕರ್ ರೋಗಿಯ ತಲೆಯ ಕಡೆ, ಅಡ್ಡಕ್ಕೆ ಹಿಡಿದಾಗ ರೋಗಿಯ ಬಲಕ್ಕೆ. ಉದ್ದದ ನೋಟ ಸ್ಯಾಜಿಟಲ್, ಅಡ್ಡದ್ದು ಟ್ರಾನ್ಸ್‌ವರ್ಸ್, ಪಕ್ಕೆಯಿಂದ ನೋಡಿದ್ದು ಕೊರೋನಲ್. ಹೃದಯ ನೋಡುವವರ ಪದ್ಧತಿ ಬೇರೆ, ಅಲ್ಲಿ ಮಾರ್ಕರ್ ಪರದೆಯ ಬಲಕ್ಕೆ.

ಇಲ್ಲಿ ನನ್ನದೊಂದು ಫಜೀತಿ ಹೇಳಲೇಬೇಕು. ಕಲಿಯುವ ಕಾಲದಲ್ಲಿ ಒಬ್ಬರ ಮೇಲ್ಹೊಟ್ಟೆಗೆ ಅಡ್ಡ ಪ್ರೋಬ್ ಇಟ್ಟು ನೋಡಿದರೆ ಪರದೆಯಲ್ಲಿ ಮಹಾಧಮನಿ ಎಡಕ್ಕೆ, ಐವಿಸಿ (ಹೃದಯಕ್ಕೆ ರಕ್ತ ಒಯ್ಯುವ ದೊಡ್ಡ ಅಭಿಧಮನಿ) ಬಲಕ್ಕೆ, ಇರಬೇಕಾದ್ದಕ್ಕೆ ಉಲ್ಟಾ! ಅಂಗಗಳೆಲ್ಲ ಅದಲುಬದಲಾಗಿ ಹುಟ್ಟುವ ಅಪರೂಪದ ಸ್ಥಿತಿ ಇದೆ, ಆ ವಾರವಷ್ಟೇ ಓದಿದ್ದೆ. ಎದೆ ಡವಡವ. ಓಡಿಹೋಗಿ ಸೀನಿಯರನ್ನು ಕರೆತಂದೆ. ಅವರು ಒಂದು ಮಾತೂ ಆಡಲಿಲ್ಲ. ನನ್ನ ಕೈಯಲ್ಲಿದ್ದ ಪ್ರೋಬನ್ನು ತೆಗೆದುಕೊಂಡು ತಿರುಗಿಸಿ ಮತ್ತೆ ಕೈಗೆ ಕೊಟ್ಟು ಚಹಾ ಕುಡಿಯಲು ಹೋದರು. ಅಂದಿನಿಂದ ಇಂದಿನವರೆಗೆ ರೋಗಿಯ ಮೈಮೇಲೆ ಇಡುವ ಮೊದಲು ಪ್ರೋಬಿನ ಒಂದು ತುದಿಯನ್ನು ಬೆರಳಿನಿಂದ ಮುಟ್ಟಿ, ಪರದೆಯ ಯಾವ ಬದಿ ಮಿಸುಕುತ್ತದೆ ನೋಡಿಯೇ ಇಡುತ್ತೇನೆ. ನೀವೂ ಹಾಗೇ ಮಾಡಿ.

ಕೈಯ ಚಲನೆಗೂ ಹೆಸರುಗಳಿವೆ. ಜಾರಿಸುವುದು ಸ್ಲೈಡ್, ಬೀಸಣಿಗೆಯ ಹಾಗೆ ಓಲಿಸುವುದು ಟಿಲ್ಟ್, ಉದ್ದಕ್ಕೆ ತೂಗುವುದು ರಾಕ್, ಕೀಲಿ ಹಾಗೆ ತಿರುಗಿಸುವುದು ರೊಟೇಟ್, ಒತ್ತುವುದು ಕಂಪ್ರೆಶನ್. ಒಂದು ಹೊತ್ತಿಗೆ ಒಂದೇ ಮಾಡಿ. ಎರಡು ಒಟ್ಟಿಗೆ ಮಾಡಿದರೆ ಎಲ್ಲಿದ್ದೀರಿ ಎಂದು ನಿಮಗೇ ಗೊತ್ತಾಗುವುದಿಲ್ಲ.

ಹೆಜ್ಜೆ 4: ಗುಂಡಿಗಳು

ಮೆಷಿನ್ ಮೇಲೆ ನೂರು ಗುಂಡಿ ಇದ್ದರೂ ಮೊದಲ ತಿಂಗಳು ಐದು ಸಾಕು.

ಡೆಪ್ತ್ ಅಂದರೆ ಎಷ್ಟು ಆಳದವರೆಗೆ ನೋಡಬೇಕು. ನೋಡಬೇಕಾದ ಅಂಗ ಪರದೆಯ ಮುಕ್ಕಾಲು ಭಾಗ ತುಂಬಲಿ. ಗೇನ್ ಅಂದರೆ ಬಂದ ಮಾರುದನಿಗೆ ಕೊಡುವ ಬಲ, ರೇಡಿಯೋದ ವಾಲ್ಯೂಮ್ ಇದ್ದ ಹಾಗೆ. ಸ್ಟೇಶನ್ ಸಿಗದೆ ವಾಲ್ಯೂಮ್ ಏರಿಸಿದರೆ ಗೊರಗೊರ ಜಾಸ್ತಿಯಾಗುತ್ತದೆ ಅಷ್ಟೇ. ಟಿಜಿಸಿ ಎಂದರೆ ಸಾಲಾಗಿರುವ ಆ ಜಾರುಗುಂಡಿಗಳು. ಆಳದಿಂದ ಬಂದ ಬಡ ಮಾರುದನಿಗೆ ಜಾಸ್ತಿ, ಮೇಲಿನದಕ್ಕೆ ಕಡಿಮೆ ಬಲ ಕೊಟ್ಟು ಇಡೀ ಲಿವರ್ ಒಂದೇ ಬಣ್ಣದಲ್ಲಿ ಕಾಣುವಂತೆ ಮಾಡಲು. ಫೋಕಸ್ ಶಬ್ದದ ಕಿರಣ ಅತಿ ಸಪೂರವಾಗುವ ಜಾಗ. ಫ್ರೀಜ್ ಚಿತ್ರ ನಿಲ್ಲಿಸಲು. ಅಳತೆ ತೆಗೆಯುವ ಕ್ಯಾಲಿಪರ್ ಅದರ ನಂತರ.

ಗೇನ್ ಸರಿ ಇದೆಯೇ ಎಂದು ತಿಳಿಯಲು ತುಂಬಿದ ಮೂತ್ರಚೀಲಕ್ಕಿಂತ ಒಳ್ಳೆಯ ಗುರು ಇಲ್ಲ. ಅದರೊಳಗಿನ ಮೂತ್ರ ಕಾಡಿಗೆ ಕಪ್ಪಾಗಿರಬೇಕು. ಬೂದು ಕಂಡರೆ ಮೊದಲು ಗೇನ್ ಇಳಿಸಿ, ಆಮೇಲೆ ಸೋಂಕಿನ ಮಾತು.

ಫೋಕಸ್ ಜೊತೆಗೆ ಬರುವ ಪದ ರೆಸಲ್ಯೂಶನ್. ರಾತ್ರಿ ಸದಾಶಿವಗಡದ ಗುಡ್ಡದ ಮೇಲಿಂದ ಸಮುದ್ರ ನೋಡಿ. ದೂರದಲ್ಲಿ ಅಕ್ಕಪಕ್ಕ ಬರುವ ಎರಡು ಬೋಟಿನ ದೀಪ ಒಂದೇ ದೀಪದ ಹಾಗೆ ಕಾಣುತ್ತದೆ. ಹತ್ತಿರ ಬಂದಂತೆ ಎರಡಾಗುತ್ತದೆ. ಅಕ್ಕಪಕ್ಕದ ಎರಡು ಚುಕ್ಕೆಗಳನ್ನು ಬೇರೆ ಮಾಡುವ ಶಕ್ತಿ ಲ್ಯಾಟರಲ್ ರೆಸಲ್ಯೂಶನ್, ಅದು ಕಿರಣದ ಅಗಲವನ್ನು ಅವಲಂಬಿಸಿದೆ. ಒಂದರ ಹಿಂದೆ ಒಂದಿರುವ ಚುಕ್ಕೆಗಳನ್ನು ಬೇರೆ ಮಾಡುವುದು ಆಕ್ಸಿಯಲ್. ಕಳಿಸಿದ ಶಬ್ದದ ತುಣುಕಿನ ಉದ್ದದಲ್ಲಿ ಅರ್ಧ ಎಷ್ಟೋ ಅಷ್ಟು ಅದರ ಮಿತಿ.

ಹೆಜ್ಜೆ 5: ಕಪ್ಪು, ಬೂದು, ಬಿಳಿಗೆ ಸರಿಯಾದ ಹೆಸರು

ಮಾರುದನಿಯೇ ಇಲ್ಲದ್ದು ಅನೆಕೋಯಿಕ್: ಮೂತ್ರ, ಪಿತ್ತ, ಸಾದಾ ನೀರುಗುಳ್ಳೆ. ಸುತ್ತಲಿಗಿಂತ ಮಂದವಾದದ್ದು ಹೈಪೋಎಕೋಯಿಕ್, ಬೆಳ್ಳಗಿನದು ಹೈಪರ್‌ಎಕೋಯಿಕ್, ಸಮನಾದದ್ದು ಐಸೋಎಕೋಯಿಕ್. 'ಸುತ್ತಲಿಗಿಂತ' ಎಂಬ ಪದವನ್ನು ಕೆಳಗೆರೆ ಎಳೆದು ಓದಿ. "ಹೈಪೋಎಕೋಯಿಕ್ ಗಂಟು" ಎಂದು ಬರೆದು ನಿಲ್ಲಿಸಿದರೆ ನಾನು ಕೇಳುವ ಮೊದಲ ಪ್ರಶ್ನೆ, "ಯಾವುದಕ್ಕಿಂತ?" ಒಂದೇ ಗಂಟು ಸಹಜ ಲಿವರಿನಲ್ಲಿ ಸಮನಾಗಿ ಕಂಡು, ಕೊಬ್ಬು ತುಂಬಿದ ಬೆಳ್ಳನೆ ಲಿವರಿನಲ್ಲಿ ಕಪ್ಪಗೆ ಕಾಣಬಹುದು.

ಆದ್ದರಿಂದ ಸಹಜ ಹೊಟ್ಟೆಯ ಬಣ್ಣಗಳ ಸಾಲನ್ನು ಬಾಯಿಪಾಠ ಮಾಡಿ. ನಾನು ಬಾಯಿಪಾಠ ಮಾಡಿ ಎನ್ನುವುದು ಇದೊಂದೇ. ಅತಿ ಬಿಳಿ ಕಿಡ್ನಿಯ ನಡುವಿನ ಸೈನಸ್, ಆಮೇಲೆ ಪ್ಯಾಂಕ್ರಿಯಾಸ್, ಆಮೇಲೆ ಗುಲ್ಮ, ಆಮೇಲೆ ಲಿವರ್, ನಂತರ ಕಿಡ್ನಿಯ ಹೊರಪದರ, ಕೊನೆಗೆ ಕಿಡ್ನಿಯ ಒಳಗಿನ ಪಿರಮಿಡ್‌ಗಳು. ಬಲಗಡೆ ಪಕ್ಕೆಯಿಂದ ನೋಡಿದರೆ ಲಿವರ್ ಮತ್ತು ಕಿಡ್ನಿ ಒಂದೇ ಚಿತ್ರದಲ್ಲಿ ಒತ್ತಿಗೆ ಒತ್ತಿಗೆ ಸಿಗುತ್ತವೆ. ಲಿವರ್ ಒಂದು ಚೂರು ಬೆಳ್ಳಗಿದ್ದರೆ, ಇಲ್ಲಾ ಸಮನಾಗಿದ್ದರೆ ಸರಿ. ತೀರಾ ಬೆಳ್ಳಗಾದರೆ ಫ್ಯಾಟಿ ಲಿವರ್ ಅನುಮಾನ. ಕಿಡ್ನಿಯೇ ಲಿವರಿಗಿಂತ ಬೆಳ್ಳಗಾದರೆ ಕಿಡ್ನಿಯ ಕಾಯಿಲೆ ನೆನಪಿಸಿಕೊಳ್ಳಿ. ನಾನು ಹೊಸಬರಿಗೆ ಮೊದಲು ತೋರಿಸುವ ಚಿತ್ರ ಇದೇ.

ಒಂದಷ್ಟು ಅಳತೆ ಕೈಯಲ್ಲಿರಲಿ. ದೊಡ್ಡವರ ಕಿಡ್ನಿ ಹೆಚ್ಚುಕಡಿಮೆ 9ರಿಂದ 12 ಸೆಂ.ಮೀ. ಉದ್ದ. ಪಿತ್ತಕೋಶದ ಗೋಡೆ 3 ಮಿ.ಮೀ. ದಾಟಬಾರದು. ಪಿತ್ತನಾಳ 6 ಮಿ.ಮೀ. ಒಳಗಿರಲಿ, ವಯಸ್ಸಾದವರಲ್ಲಿ ತುಸು ಜಾಸ್ತಿ ಆಗಬಹುದು. ಲಿವರಿಗೆ ರಕ್ತ ತರುವ ಪೋರ್ಟಲ್ ವೇನ್ 13 ಮಿ.ಮೀ.ವರೆಗೆ. ಹೊಟ್ಟೆಯ ಮಹಾಧಮನಿ 3 ಸೆಂ.ಮೀ. ಮುಟ್ಟಿದರೆ ಕೂಡಲೇ ಡಾಕ್ಟರಿಗೆ ಹೇಳಿ. ಪಿತ್ತಕೋಶ ಅಳೆಯಬೇಕಾದರೆ 6ರಿಂದ 8 ತಾಸು ಖಾಲಿ ಹೊಟ್ಟೆ ಬೇಕು. "ಏನೂ ತಿಂದಿಲ್ಲ, ಬರೀ ಚಹಾ" ಎನ್ನುವವರೇ ಜಾಸ್ತಿ. ಹಾಲು ಹಾಕಿದ ಚಹಾ ಕುಡಿದರೂ ಪಿತ್ತಕೋಶ ಕುಗ್ಗಿರುತ್ತದೆ, ಗೋಡೆ ದಪ್ಪ ಕಾಣುತ್ತದೆ.

ಹೆಜ್ಜೆ 6: ಮೆಷಿನ್ ಹೇಳುವ ಸುಳ್ಳು

ಇಲ್ಲಿ ನಿಧಾನಕ್ಕೆ ಓದಿ. ಆರ್ಟಿಫ್ಯಾಕ್ಟ್ ಎಂದರೆ ದೇಹದಲ್ಲಿ ಹಾಗಿಲ್ಲದೆ ಪರದೆಯಲ್ಲಿ ಮಾತ್ರ ಹಾಗೆ ಕಾಣುವಂಥದ್ದು. ಹೆಸರುಗಳು ಹತ್ತಾರು. ಆದರೆ ಪ್ರತಿಯೊಂದರ ಹಿಂದೆ ಮೆಷಿನ್ನಿನ ಒಂದು ನಂಬಿಕೆ ಮುರಿದಿರುತ್ತದೆ.

ಮೊದಲ ನಂಬಿಕೆ: ಶಬ್ದ ಎಲ್ಲ ಕಡೆ ಒಂದೇ ಪ್ರಮಾಣದಲ್ಲಿ ಬಡವಾಗುತ್ತದೆ. ಶಿರಸಿ ಕಡೆಯ ಒಬ್ಬ ಅಜ್ಜ ಬಂದಿದ್ದರು, ಊಟವಾದ ಮೇಲೆ ಬಲ ಪಕ್ಕೆಯ ಕೆಳಗೆ ನೋವು. ಪಿತ್ತಕೋಶದ ಕಪ್ಪಿನೊಳಗೆ ಒಂದು ಬಿಳಿ ಕಮಾನು, ಅದರ ಕೆಳಗೆ ಪಟ್ಟಿ ಎಳೆದ ಹಾಗೆ ಕಪ್ಪು. ಕಲ್ಲು ಶಬ್ದವನ್ನು ತಡೆದಿತ್ತು, ಹಿಂದಕ್ಕೆ ಏನೂ ಹೋಗಿರಲಿಲ್ಲ. ಇದು ಅಕೌಸ್ಟಿಕ್ ಶ್ಯಾಡೋ. ನೆರಳು ಮೊದಲು ಮಸುಕಾಗಿತ್ತು. ಫೋಕಸನ್ನು ಕಲ್ಲಿನ ಮಟ್ಟಕ್ಕೆ ತಂದ ಕೂಡಲೇ ಚಾಕುವಿನಲ್ಲಿ ಕೊಯ್ದಷ್ಟು ಸ್ಪಷ್ಟವಾಯಿತು. ಆಮೇಲೆ, "ಅಜ್ಜಾ, ಎಡ ಮಗ್ಗುಲಿಗೆ ಹೊರಳ್ತೀರಾ?" ಎಂದೆ. ಹೊರಳಿದರು. ಕಲ್ಲು ಅಡಿಕೆ ಉರುಳಿದ ಹಾಗೆ ಉರುಳಿ ಕೆಳಗಿನ ಗೋಡೆಗೆ ಹೋಗಿ ಕೂತಿತು. ಪಕ್ಕದಲ್ಲಿ ನಿಂತ ಹುಡುಗಿಗೆ ಕೇಳಿದೆ, "ಇದು ಪಾಲಿಪ್ ಅಲ್ಲ ಅಂತ ಹೇಗೆ ಹೇಳ್ತೀಯ?" "ಪಾಲಿಪ್ ಗೋಡೆಗೆ ಅಂಟಿರುತ್ತೆ, ಉರುಳೋದಿಲ್ಲ. ನೆರಳೂ ಬೀಳೋದಿಲ್ಲ." ಸರಿಯಾದ ಉತ್ತರ. ನೆರಳಿಲ್ಲದೆ ನಿಧಾನಕ್ಕೆ ಸರಿಯುವುದು ಸ್ಲಡ್ಜ್, ಅಂದರೆ ಪಿತ್ತದ ಗಷ್ಟು.

ಇದೇ ನಂಬಿಕೆ ಇನ್ನೊಂದು ದಿಕ್ಕಿಗೂ ಮುರಿಯುತ್ತದೆ. ನೀರು ಶಬ್ದವನ್ನು ಅಷ್ಟಾಗಿ ತಿನ್ನುವುದಿಲ್ಲ. ತಿನ್ನುತ್ತದೆ ಎಂದು ನಂಬಿ ಮೆಷಿನ್ ಹಿಂದಿನ ಭಾಗಕ್ಕೆ ಬಲ ತುಂಬಿರುತ್ತದೆ. ಹಾಗಾಗಿ ನೀರುಗುಳ್ಳೆಯ ಹಿಂದೆ ಬೆಳ್ಳಗೆ ಹೊಳಪು. ಇದು ಪೋಸ್ಟೀರಿಯರ್ ಎನ್‌ಹ್ಯಾನ್ಸ್‌ಮೆಂಟ್. ಕಪ್ಪು ಕಂಡದ್ದೆಲ್ಲ ನೀರಲ್ಲ, ಕೆಲವು ಗಡ್ಡೆಗಳೂ ಗ್ರಂಥಿಗಳೂ ಬಹಳ ಕಪ್ಪಗೆ ಕಾಣುತ್ತವೆ. ಒಳಗೆ ಕಪ್ಪು, ತೆಳು ನಯ ಗೋಡೆ, ಹಿಂದೆ ಹೊಳಪು, ಈ ಮೂರೂ ಇದ್ದರೆ ಸಾದಾ ಸಿಸ್ಟ್ ಎನ್ನಿ.

ಎರಡನೇ ನಂಬಿಕೆ: ಶಬ್ದ ನೇರ ಹೋಗಿ ನೇರ ಬರುತ್ತದೆ. ಬಲ ವಪೆ ಕನ್ನಡಿಯಂತೆ. ಅದಕ್ಕೆ ಬಡಿದ ಶಬ್ದ ತಿರುಗಿ ಲಿವರಿನ ಗಂಟಿಗೆ ಹೋಗಿ, ಮತ್ತೆ ವಪೆಗೆ ಬಡಿದು ಬಂದರೆ, ಮೆಷಿನ್ ಅದನ್ನು ವಪೆಯ ಆಚೆ, ಶ್ವಾಸಕೋಶದಲ್ಲಿ ಇಡುತ್ತದೆ. ಮಿರರ್ ಇಮೇಜ್. ದುಂಡಗಿನ ಸಿಸ್ಟಿನ ಅಂಚಿನಿಂದ ಇಳಿಯುವ ಸಪೂರ ನೆರಳು ಕೂಡ ಇದೇ ಕುಟುಂಬದ್ದು, ಅಂಚಿನಲ್ಲಿ ಶಬ್ದ ಬಾಗಿರುತ್ತದೆ.

ಮೂರನೆಯದು: ಪ್ರತಿ ಮಾರುದನಿಯೂ ಒಂದೇ ಸಲ ಬಡಿದು ಬಂದದ್ದು. ಎರಡು ಗಟ್ಟಿ ಮೇಲ್ಮೈಗಳ ನಡುವೆ ಶಬ್ದ ಚೆಂಡಿನ ಹಾಗೆ ಪುಟಿದರೆ ಸಮ ಅಂತರದಲ್ಲಿ ಗೆರೆಗಳ ಸಾಲು ಬರುತ್ತದೆ. ಇದು ರಿವರ್ಬರೇಶನ್. ಮೂತ್ರಚೀಲದ ಮುಂಭಾಗದಲ್ಲಿ ತೇಲುವ ಬೂದು ಮಬ್ಬು ಬಹಳ ಸಲ ಇದೇ.

ನಾಲ್ಕನೆಯದು 1540. ಕೊಬ್ಬಿನಲ್ಲಿ ಶಬ್ದ ನಿಧಾನ, ಸುಮಾರು 1450. ತಡವಾಗಿ ಬಂದದ್ದನ್ನು ಮೆಷಿನ್ ಜಾಸ್ತಿ ಆಳದಲ್ಲಿ ಇಡುತ್ತದೆ. ವಪೆಯ ಗೆರೆ ಒಂದು ಕಡೆ ಮುರಿದು ಕೆಳಗಿಳಿದಂತೆ ಕಂಡರೆ ಮುಂದೆ ಕೊಬ್ಬಿನ ಗಂಟಿದೆಯೇ ನೋಡಿ.

ಐದನೆಯದು, ಎಲ್ಲ ಮಾರುದನಿಯೂ ನಡುಗಿರಣದಿಂದಲೇ ಬಂದದ್ದು ಎನ್ನುವುದು. ಪಕ್ಕಕ್ಕೆ ಸೋರಿದ ಕಿರಣಗಳೂ ಇರುತ್ತವೆ, ಸೈಡ್ ಲೋಬ್ ಎನ್ನುತ್ತಾರೆ. ಪಿತ್ತಕೋಶದಲ್ಲಿ ಇಲ್ಲದ ಗಷ್ಟನ್ನು ತೋರಿಸುವ ಕಳ್ಳ ಇದು. ಜಾಗ ಬದಲಿಸಿ ಇನ್ನೊಂದು ಕೋನದಿಂದ ನೋಡಿ. ನಿಜವಾದದ್ದು ಎಲ್ಲ ಕೋನದಿಂದಲೂ ಇರುತ್ತದೆ.

ಹೆಜ್ಜೆ 7: ಡಾಪ್ಲರ್, ಸದ್ಯಕ್ಕೆ ಇಷ್ಟು

ಕೊಂಕಣ ರೈಲು ಹಾರ್ನ್ ಹಾಕುತ್ತಾ ನಿಲ್ಲದೆ ಹೋದರೆ, ಹತ್ತಿರ ಬರುವಾಗ ದನಿ ಸಪೂರ, ದಾಟಿದ ಮೇಲೆ ದಪ್ಪ. 1842ರಲ್ಲಿ ಕ್ರಿಶ್ಚಿಯನ್ ಡಾಪ್ಲರ್ ಹೇಳಿದ್ದು ಇದನ್ನೇ. ಓಡುವ ರಕ್ತಕಣಗಳಿಂದ ಬಂದ ಮಾರುದನಿಯಲ್ಲೂ ಫ್ರೀಕ್ವೆನ್ಸಿ ಹೀಗೆ ಏರಿಳಿಯುತ್ತದೆ. ಪ್ರೋಬಿನ ಕಡೆಗೆ ಬರುವ ರಕ್ತಕ್ಕೆ ಸಾಮಾನ್ಯವಾಗಿ ಕೆಂಪು, ದೂರ ಹೋಗುವುದಕ್ಕೆ ನೀಲಿ. ಕೆಂಪು ಎಂದರೆ ಆರ್ಟರಿ ಎಂದು ಬರೆದವರು ಪ್ರತಿ ವರ್ಷ ಒಬ್ಬರಾದರೂ ಸಿಗುತ್ತಾರೆ. ಬಣ್ಣ ದಿಕ್ಕನ್ನು ಮಾತ್ರ ಹೇಳುತ್ತದೆ, ಪ್ರೋಬ್ ತಿರುಗಿಸಿದರೆ ಅದೂ ತಿರುಗುತ್ತದೆ.

ರಕ್ತ ಅಡ್ಡಕ್ಕೆ, 90 ಡಿಗ್ರಿಯಲ್ಲಿ ಹರಿದರೆ ಡಾಪ್ಲರ್‌ಗೆ ಏನೂ ಕಾಣುವುದಿಲ್ಲ. ವೇಗ ಅಳೆಯುವಾಗ ಕೋನ 60 ಡಿಗ್ರಿ ಒಳಗಿರಲಿ. ಸೆಕೆಂಡಿಗೆ ಎಷ್ಟು ಸಲ ಶಬ್ದ ಕಳಿಸುತ್ತೇವೋ ಅದು ಪಿಆರ್‌ಎಫ್. ಅದರ ಅರ್ಧಕ್ಕಿಂತ ಡಾಪ್ಲರ್ ವ್ಯತ್ಯಾಸ ಜಾಸ್ತಿಯಾದರೆ ಬಣ್ಣ ಉಲ್ಟಾ ಹೊಡೆಯುತ್ತದೆ, ಅದು ಅಲಿಯಾಸಿಂಗ್. ಪಿಆರ್‌ಎಫ್ ಏರಿಸಿ ನೋಡಿ. ಉಳಿದದ್ದು ಮುಂದಿನ ವರ್ಷಕ್ಕೆ.

ಹೆಜ್ಜೆ 8: ಅಡುಗೆಮನೆಯ ಫ್ಯಾಂಟಮ್

ಫ್ಯಾಂಟಮ್ ಎಂದರೆ ಅಭ್ಯಾಸಕ್ಕೆ ಮಾಡಿಕೊಂಡ ನಕಲಿ ಮೈ. ರೋಗಿಯ ಮೇಲೆ ಕೈ ಇಡುವ ಮೊದಲು ಇದನ್ನು ಮಾಡಿ. ಬಿಸಿನೀರಿಗೆ ಜಿಲೆಟಿನ್ ಪುಡಿಯನ್ನು ಜೆಲ್ಲಿಗಿಂತ ಗಟ್ಟಿ ಪಾಕಕ್ಕೆ ಕಲಸಿ, ಒಂದೆರಡು ಚಮಚ ಇಸಬ್‌ಗೋಲ್ ಸೇರಿಸಿ. ಇಸಬ್‌ಗೋಲ್ ಇಲ್ಲದಿದ್ದರೆ ಜಿಲೆಟಿನ್ ಬರೀ ಕಪ್ಪು. ಅದರ ಸಿಪ್ಪೆಯೇ ಶಬ್ದ ಚದುರಿಸಿ ಲಿವರಿನ ಬೂದು ಮೈ ಕೊಡುವುದು. ಡಬ್ಬಿಯಲ್ಲಿ ಅರ್ಧ ಹುಯ್ದು ಫ್ರಿಜ್ಜಿನಲ್ಲಿ ಗಟ್ಟಿಯಾಗಿಸಿ. ಅದರ ಮೇಲೆ ನೀರು ತುಂಬಿ ಗಂಟು ಹಾಕಿದ ಗ್ಲೌಸಿನ ಬೆರಳು, ಒಂದು ಸಣ್ಣ ಹೊಳೆಗಲ್ಲು ಇಟ್ಟು, ಉಳಿದರ್ಧ ಹುಯ್ಯಿರಿ. ಗಾಳಿಗುಳ್ಳೆ ಸೇರದಂತೆ ನಿಧಾನಕ್ಕೆ.

ನಿಮ್ಮ ವಿಭಾಗದ ಮೆಷಿನ್ನಿನಲ್ಲೇ, ಅನುಮತಿ ಕೇಳಿ, ಲೀನಿಯರ್ ಪ್ರೋಬ್ ಇಟ್ಟು ನೋಡಿ. ಗ್ಲೌಸಿನ ಬೆರಳು ಕಪ್ಪು, ಹಿಂದೆ ಹೊಳಪು. ಕಲ್ಲು ಬಿಳಿ, ಹಿಂದೆ ನೆರಳು. ಗೇನ್ ಏರಿಸಿ 'ಸಿಸ್ಟ್' ಹೇಗೆ ಕೆಡುತ್ತದೆ ನೋಡಿ, ಫೋಕಸ್ ಕೆಳಗಿಳಿಸಿ ನೆರಳು ಹೇಗೆ ಮಸುಕಾಗುತ್ತದೆ ನೋಡಿ. ಆರನೇ ಹೆಜ್ಜೆಯ ಅರ್ಧ ಒಂದು ಮಧ್ಯಾಹ್ನಕ್ಕೆ ಮುಗಿಯಿತು.

ಹೆಜ್ಜೆ 9: ರೋಗಿ ಬಂದಾಗ

ಮೊದಲು ಕಾನೂನು. ಗರ್ಭದಲ್ಲಿರುವುದು ಗಂಡೋ ಹೆಣ್ಣೋ ನೋಡಿ ಹೇಳುವುದನ್ನು ತಡೆಯುವ ಪಿಸಿಪಿಎನ್‌ಡಿಟಿ ಕಾಯ್ದೆ 1994ರದ್ದು, ಜಾರಿಗೆ ಬಂದದ್ದು 1996ರಲ್ಲಿ, ತಿದ್ದುಪಡಿ ಆದದ್ದು 2003ರಲ್ಲಿ. ಮೆಷಿನ್ ನೋಂದಾಯಿತ ಜಾಗದಲ್ಲೇ ಇರಬೇಕು. ಗರ್ಭಿಣಿಯ ಸ್ಕ್ಯಾನನ್ನು ಅರ್ಹ ವೈದ್ಯರೇ ಮಾಡಬೇಕು, ಪ್ರತಿಯೊಬ್ಬರಿಗೂ ಫಾರ್ಮ್ ಎಫ್ ತುಂಬಬೇಕು. ಲಿಂಗ ಹೇಳಿದ ವೈದ್ಯರಿಗೆ ಮೊದಲ ತಪ್ಪಿಗೇ ಮೂರು ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ. ಮಾತಿನಲ್ಲಷ್ಟೇ ಅಲ್ಲ, ಸನ್ನೆಯಲ್ಲಿ ಹೇಳಿದರೂ ಅಪರಾಧ. "ಒಂದ್ಸಲ ಹೇಳಿ, ಯಾರಿಗೂ ಹೇಳೋದಿಲ್ಲ" ಎನ್ನುವ ಅತ್ತೆಯಂದಿರು ಸಿಕ್ಕೇ ಸಿಗುತ್ತಾರೆ. ಮುಖ ಕೂಡ ಬದಲಾಗಬಾರದು.

ಇನ್ನು "ರೇಡಿಯೇಶನ್ ತಾಗ್ತದಾ?" ಎಂಬ ಪ್ರಶ್ನೆ. ಕೈಗಾ ಅಣುಸ್ಥಾವರದ ಪಕ್ಕದ ಊರಿನವರು ನಾವು, ಆ ಪದ ನಮ್ಮಲ್ಲಿ ಬಲು ಬೇಗ ಬಾಯಿಗೆ ಬರುತ್ತದೆ. ಇದರಲ್ಲಿ ಎಕ್ಸ್‌ರೇಯಂಥ ಕಿರಣ ಇಲ್ಲ, ಬರೀ ಶಬ್ದ ಎಂದು ಧೈರ್ಯವಾಗಿ ಹೇಳಿ. ಆದರೆ ಶಬ್ದವೂ ಮೈಯನ್ನು ತುಸು ಬಿಸಿ ಮಾಡುತ್ತದೆ, ಕುಲುಕುತ್ತದೆ. ಪರದೆಯ ಮೂಲೆಯಲ್ಲಿ ಟಿಐ, ಎಂಐ ಎಂದು ಎರಡು ಅಂಕೆ ಇರುತ್ತವೆ. ಮೊದಲನೆಯದು ಬಿಸಿಯದ್ದು, ಎರಡನೆಯದು ಕುಲುಕಾಟದ್ದು. ಬೇಕಾದಷ್ಟೇ ಶಕ್ತಿ, ಬೇಕಾದಷ್ಟೇ ಹೊತ್ತು. ಈ ನಿಯಮಕ್ಕೆ ಅಲಾರಾ ಎನ್ನುತ್ತಾರೆ.

"ಉಸಿರು ಎಳೆದು ಹಿಡ್ಕೊಳ್ಳಿ", "ಇನ್ನು ಬಿಡಿ" ಎನ್ನುವುದನ್ನು ಕೊಂಕಣಿಯಲ್ಲೂ ಕಲಿತುಕೊಳ್ಳಿ, ದಿನಕ್ಕೆ ಹತ್ತು ಸಲ ಬೇಕಾಗುತ್ತದೆ. "ಬಿಡಿ" ಅನ್ನುವುದನ್ನು ಮರೆಯಬೇಡಿ, ಕೆಲವರು ಪಾಪ ನಿಜಕ್ಕೂ ಹಿಡಿದುಕೊಂಡೇ ಇರುತ್ತಾರೆ. ಥೈರಾಯ್ಡ್ ನೋಡಲು ಹಾಲಕ್ಕಿ ಅಜ್ಜಿ ಬಂದರೆ ಕೊರಳ ತುಂಬ ಮಣಿಸರಗಳಿರುತ್ತವೆ. "ತೆಗೀರಿ" ಅಂತ ಅವಸರ ಮಾಡಬೇಡಿ. ಯಾಕೆ ಬೇಕು ಎಂದು ಹೇಳಿ, ಜೊತೆಗೆ ಬಂದ ಹೆಂಗಸರಿಗೆ ಬಿಡಿ, ಪರದೆ ಎಳೆದು ಹೊರಗೆ ನಿಲ್ಲಿ. ಅಷ್ಟು ಹೊತ್ತಿನಲ್ಲಿ ಲೀನಿಯರ್ ಪ್ರೋಬ್ ಹಾಕಿ, ಹೆಸರು-ವಯಸ್ಸು ಟೈಪ್ ಮಾಡಿಕೊಳ್ಳಬಹುದು.

ಮುಗಿದ ಮೇಲೆ ಜೆಲ್ ಒರೆಸಿ. ಮೊದಲು ರೋಗಿಯದ್ದು, ಆಮೇಲೆ ಪ್ರೋಬಿನದ್ದು. ಒಣಗಲು ಬಿಟ್ಟರೆ ಅಂಚಿಗೆ ಅಂಟಿ ಕೂರುತ್ತದೆ. ಪ್ರೋಬನ್ನು ಅದರ ಗೂಡಿನಲ್ಲೇ ಇಡಿ, ವೈರು ಗಾಲಿಗೆ ಸಿಕ್ಕದಂತೆ ಎತ್ತಿ ಕಟ್ಟಿ. ಕೈತಪ್ಪಿ ಬಿದ್ದರೆ ಒಳಗಿನ ಹರಳು ಒಡೆಯಬಹುದು. ಆಮೇಲೆ ಯಾರನ್ನು ನೋಡಿದರೂ ಚಿತ್ರದ ಅದೇ ಜಾಗದಲ್ಲಿ, ಮೇಲಿನಿಂದ ಕೆಳಗಿನವರೆಗೆ, ಒಂದು ಕಪ್ಪು ಗೆರೆ. ಹಾಗೇನಾದರೂ ಕಂಡರೆ ಕಲ್ಲಿನ ನೆರಳು ಎಂದು ಬರೆಯಬೇಡಿ. ಪ್ರೋಬ್ ಬೀಳಿಸಿದ್ದು ಯಾರು ಎಂದು ಕೇಳಿ.